ಕರಿರೇಷ್ಮೆಯ ಕುಂಚಿಗೆ

ಅಜ್ಜಿ ಕುಂಚಿಗೆಯನ್ನು ಹಿತ್ತಾಳೆಯ ಡಬ್ಬಿಯಲ್ಲಿಟ್ಟು ಕೊಟ್ಟರೆಂದು ನಾನು ಬಹಳ ಕಾಲ ನಂಬಿದ್ದೆ. ಅಂದು ತೆಗೆದ ಫೋಟೋದಲ್ಲಿ ಡಬ್ಬಿ ಸ್ಟೀಲಿನದು. ಇಂಥ ಸಣ್ಣ ವಿಷಯದಲ್ಲೇ ತಪ್ಪುವ ನೆನಪು ನನ್ನದು. ಹಾಗಾಗಿ ಫೋಟೋ ಇರುವ ಕಡೆ ಫೋಟೋವನ್ನು ನಂಬಿ ಬರೆದಿದ್ದೇನೆ. ಇಲ್ಲದ ಕಡೆ ಓದುವವರೂ ನನ್ನಷ್ಟೇ ಅನುಮಾನ ಇಟ್ಟುಕೊಂಡು ಓದಬೇಕು.

ಅಜ್ಜಿ ನನ್ನ ನೆಂಟರಲ್ಲ, ಕೆಲಸದ ಮೇಲೆ ಹೋದಾಗ ಪರಿಚಯವಾದವರು. ಅವರ ಊರು ಮಂಗಳೂರು. ಕಡಲ ದಂಡೆಯದಲ್ಲ, ಯಲಬುರ್ಗಾ ಕಡೆಯದು. ಮನೆಗಳಲ್ಲಿ ಉಳಿದಿರುವ ಹಳೆಯ ಕಸೂತಿ ರೇಷ್ಮೆಗಳನ್ನು ಕೂಡಿಸಿ ಗಂಗಾವತಿಯಲ್ಲಿ ಒಂದು ಪ್ರದರ್ಶನ ಇಡುವುದಿತ್ತು. ಊರೂರು ತಿರುಗಿ ಸೀರೆ, ಕುಪ್ಪಸ, ಮಕ್ಕಳ ಬಟ್ಟೆ ನೋಡುವುದು, ಕೊಟ್ಟವರಿಂದ ತರುವುದು, ಹರಿದದ್ದು ಇನ್ನಷ್ಟು ಹರಿಯದಂತೆ ನಿಲ್ಲಿಸುವುದು ನನ್ನ ಕೆಲಸ. ಹೊಸದಾಗಿ ಕಾಣುವಂತೆ ಮಾಡುವುದು ನನ್ನ ಕೆಲಸವಲ್ಲ. ಇದನ್ನು ಪ್ರತಿ ಮನೆಯಲ್ಲೂ ಹೇಳಬೇಕಾಗುತ್ತಿತ್ತು. ಕೊಪ್ಪಳದಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದು, ಉತ್ತರದ ಕಿಟಕಿಯ ಹತ್ತಿರ ದೊಡ್ಡ ಮೇಜು ಹಾಕಿಕೊಂಡಿದ್ದೆ.

ಕುಂಚಿಗೆ ಎಂದರೆ ಈ ಕಡೆ ಹಸುಗೂಸಿಗೆ ಹಾಕುವ ಉಡುಪು. ತಲೆಗೆ ಟೊಪ್ಪಿಗೆಯ ಹಾಗೆ ಕೂತು, ಹಿಂದೆ ಬೆನ್ನು ಮುಚ್ಚುವಷ್ಟು ಇಳಿಬೀಳುತ್ತದೆ. ಅಜ್ಜಿಯ ಕುಂಚಿಗೆ ಕರಿ ರೇಷ್ಮೆಯದು, ಒಳಗೆ ಬಿಳಿ ಅರಿವೆಯ ಅಸ್ತರು. ಬೆನ್ನಿನ ಮೇಲೆ ಗೋಪುರ, ಅದರ ಎರಡೂ ಬದಿಗೆ ಕೆಂಪು ಗಿಳಿ, ಅಂಚಿಗೆ ರುದ್ರಾಕ್ಷಿಯ ಸಾಲು, ನೆತ್ತಿಗೆ ಬರುವ ಕಡೆ ಒಂದು ತೊಟ್ಟಿಲು. ಎಲ್ಲವೂ ಎಳೆ ಎಣಿಸಿ ಹಾಕಿದ ಗವಂತಿ ಹೊಲಿಗೆ. ಎಲ್ಲೂ ಗಂಟಿಲ್ಲ, ಹಿಂದೆ ಮುಂದೆ ಒಂದೇ ರೂಪ. ಅಜ್ಜಿಯ ಅತ್ತೆಗೆ ಅವರ ಅತ್ತೆಯಿಂದ ಬಂದದ್ದು. ಅದಕ್ಕೂ ಹಿಂದೆ ಯಾರು ಹೊಲಿದರೋ ಅಜ್ಜಿಗೂ ಗೊತ್ತಿರಲಿಲ್ಲ. ನೂಲು, ಬಣ್ಣ ನೋಡಿ ನೂರು ವರ್ಷ ದಾಟಿದೆ ಎಂದು ನಾನು ಅಂದಾಜು ಮಾಡಿದೆ.

"ಮ್ಯೂಸಿಯಮ್ಮಿಗೆ ಕೊಡೂದಿಲ್ಲ ತಮ್ಮಾ, ಮೊದಲ ಹೇಳಿಬಿಡ್ತೀನಿ," ಎಂದರು ಅಜ್ಜಿ. "ಅರಿವಿ ಜೀರ್ಣ ಆಗೇತಿ. ಗಟ್ಟಿ ಮಾಡಿ ಕೊಡ್ತೀನಂದ್ರ ಒಯ್ಯಿ. ಇದು ಪೆಟಿಗ್ಯಾಗ ಕುಂಡ್ರೂ ಸಾಮಾನಲ್ಲ, ತಿರಗಾಡೂ ಸಾಮಾನು."

"ಎಲ್ಲಿ ತಿರಗಾಡತೈತಿ?"

"ಕೂಸು ಉಳಿಲಾರದ ಮನಿಗೆ."

ಹುಟ್ಟಿದ ಕೂಸಿಗೆ ಮೊದಲೇ ಹೊಸ ಬಟ್ಟೆ ಹಾಕುವುದಿಲ್ಲ ನಮ್ಮ ಕಡೆ. ಮಕ್ಕಳು ಚೆನ್ನಾಗಿ ಬೆಳೆದ ಮನೆಯ ಹಳೆಯ ಬಟ್ಟೆ ತಂದು ಹಾಕುತ್ತಾರೆ. ಕುಷ್ಟಗಿಯ ನಮ್ಮ ಮನೆಯಲ್ಲೂ ಹಾಗೇ ಇತ್ತು. ಅಜ್ಜಿಯ ಮನೆಯ ಈ ಕುಂಚಿಗೆಗೆ ಅದೇ ಕೆಲಸ. ಹುಟ್ಟಿದ ಮಕ್ಕಳು ಉಳಿಯದ ಮನೆಯವರು ಬಂದು ಕೇಳಿ ಒಯ್ಯುತ್ತಿದ್ದರು, ಕೂಸಿಗೆ ವರ್ಷ ತುಂಬಿದ ಮೇಲೆ ತಂದುಕೊಡುತ್ತಿದ್ದರು. ಯಾವ ಓಣಿ, ಯಾವ ಜಾತಿ ಎಂದು ಕೇಳುವ ರೂಢಿ ಇರಲಿಲ್ಲ. ಇದನ್ನು ಹಾಕಿಕೊಂಡ ಕೂಸು ಒಂದೂ ಹೋಗಿಲ್ಲ ಎಂದರು ಅಜ್ಜಿ. ಹೋದ ಕೂಸುಗಳನ್ನು ಜನ ಮರೆತು, ಉಳಿದವನ್ನು ನೆನಪಿಟ್ಟಿರಬಹುದು ಎಂದು ನನಗೆ ಅನ್ನಿಸಿತು. ಅದನ್ನು ಹೇಳಲಿಲ್ಲ, ಬೇರೆ ಹೇಳಿದೆ.

"ಈಗ ಎಲ್ಲಾರೂ ದವಾಖಾನ್ಯಾಗ ಹಡೀತಾರಲ್ಲ ಅಜ್ಜಿ. ಸೂಜಿ, ಔಷಧದಿಂದ ಕೂಸು ಉಳೀತಾವು. ಕುಂಚಿಗಿಯಿಂದ ಏನಾಕ್ಕೈತಿ?"

"ಸೂಜಿ ನಮ್ಮ ಮೊಮ್ಮಕ್ಕಳಿಗೂ ಹಾಕಿಸೀವಿ ಬಿಡು. ಸೂಜಿ ಹಾಕಿಸೀವಂತ ಕೂಸಿನ ತಲಿ ಬರಿದ ಬಿಡಾಕ ಬರ್ತೈತೇನು?"

ಅಡುಗೆಮನೆಯಿಂದ ಸೊಸೆಯ ದನಿ ಬಂತು: "ಅತ್ತಿ ಕೂಡ ವಾದಕ್ಕ ಕುಂಡ್ರಬ್ಯಾಡ್ರಿ ಸರ್. ರೊಟ್ಟಿ ಆರಿ ಹೊಕ್ಕಾವು."

ಡಬ್ಬಿ ನನ್ನ ಕೈಗೆ ಕೊಡುವಾಗ ಅಜ್ಜಿ ಒಂದು ಕರಾರು ಹಾಕಿದರು. "ನಿನ್ನ ಕೆಲಸ ಅರ್ಧಾ ಆಗಿರ್ಲಿ, ಕಾಲು ಆಗಿರ್ಲಿ, ಯಾರರ ಬಂದು ಕೇಳಿದ್ರ ಕೊಟ್ಟುಬಿಡಬೇಕು. ಇಲ್ಲ ಅನಬಾರ್ದು."

"ಆತು," ಎಂದೆ. ಈ ಕಾಲದಲ್ಲಿ ಯಾರು ಬರುತ್ತಾರೆ ಎಂಬ ಧೈರ್ಯದಲ್ಲಿ ಹೇಳಿದ ಮಾತು ಅದು. ಗಂಗಾವತಿಯಲ್ಲಿದ್ದ ಪ್ರದರ್ಶನದ ಸಂಯೋಜಕಿಗೆ ಫೋಟೋ ಕಳಿಸಿದೆ. "ಇದೇ ಮಧ್ಯದಲ್ಲಿ ಇರಬೇಕು ಸರ್. ಮೊದಲು ಕೆಲಸ ಮುಗಿಸಿ, ಅಜ್ಜಿಯನ್ನ ನಾನು ಒಪ್ಪಿಸ್ತೀನಿ," ಎಂದರು.

ಮೇಜಿನ ಮೇಲೆ ಬಿಚ್ಚಿಟ್ಟಾಗ ಕುಂಚಿಗೆಯ ರೋಗ ಯಾವುದೆಂದು ತಿಳಿಯಿತು. ಅದರ ಕರಿ ಬಣ್ಣವೇ ಅದರ ರೋಗ. ಹಿಂದೆ ಕರಿ ಬಣ್ಣ ಕಟ್ಟಲು ಅಳಲೆಕಾಯಿಯ ರಸ ಮತ್ತು ಕಬ್ಬಿಣ ಬಳಸುತ್ತಿದ್ದರು. ಬಟ್ಟೆಗೆ ಹತ್ತಿದ ಆ ಕಬ್ಬಿಣ ಸುಮ್ಮನಿರುವುದಿಲ್ಲ, ವರ್ಷಗಳ ಕಾಲ ರೇಷ್ಮೆಯನ್ನು ಒಳಗಿಂದ ತಿನ್ನುತ್ತದೆ. ಚಿಮಟದಿಂದ ಅಂಚು ಎತ್ತಿದರೆ ಕೆಳಗಿನ ಬಿಳಿ ಕಾಗದದ ಮೇಲೆ ಕಾಡಿಗೆಯಂಥ ಪುಡಿ ಬೀಳುತ್ತಿತ್ತು. ಕಸೂತಿಯ ಬಣ್ಣದ ಎಳೆಗಳಲ್ಲಿ ಕಬ್ಬಿಣವಿಲ್ಲ, ಅವು ಗಟ್ಟಿಯಾಗಿದ್ದವು. ಕೆಲವು ಕಡೆ ಕಸೂತಿಗೆ ನೆಲವಾಗಿದ್ದ ಕರಿ ಬಟ್ಟೆ ಉದುರಿಹೋಗಿ, ಗಿಳಿಯ ಕೆಂಪು ಗೆರೆಗಳು ಮಾತ್ರ ಅಸ್ತರಿನ ಮೇಲೆ ನಿಂತಿದ್ದವು.

ಮೊದಲು ಧೂಳು ತೆಗೆದೆ. ಬಟ್ಟೆಯ ಮೇಲೆ ಸೊಳ್ಳೆಪರದೆಯ ತುಂಡು ಹರವಿ, ಅದರ ಮೇಲಿನಿಂದ ಧೂಳು ಹೀರುವ ಸಣ್ಣ ಯಂತ್ರದ ನಳಿಗೆ ಹಿಡಿದು, ಮಂದಗತಿಯಲ್ಲಿ ಎಳೆಯುವುದು. ಜೋರು ಮಾಡಿದರೆ ಧೂಳಿನ ಜೊತೆ ರೇಷ್ಮೆಯೂ ಹೋಗುತ್ತದೆ. ಆಮೇಲೆ ಪ್ರತಿ ಬಣ್ಣದ ಎಳೆಗೂ ಶುದ್ಧ ನೀರಿನ ಒಂದು ಹನಿ ಇಟ್ಟು, ಹೀರುವ ಕಾಗದ ಒತ್ತಿ ನೋಡಿದೆ. ಹಸಿರು, ಹಳದಿ ಬಿಡಲಿಲ್ಲ. ಕೆಂಪು ಬಿಟ್ಟಿತು. ಕಾಗದದ ಮೇಲೆ ಕುಂಕುಮ ಸೋಕಿದಂಥ ಗುಲಾಬಿ ಕಲೆ. ಅಲ್ಲಿಗೆ ತೀರ್ಮಾನವಾಯಿತು: ಇದಕ್ಕೆ ಇನ್ನು ನೀರು ಸೋಕಬಾರದು.

ಆದರೆ ಸೋಕಿತ್ತು. ಅಸ್ತರು ಬಿಚ್ಚಿ ಹೊರಳಿಸಿದಾಗ ಒಳಮೈಯಲ್ಲಿ ನೀರು ಒಣಗಿದ ಗೆರೆಗಳು ಒಂದರ ಮೇಲೊಂದು ಕಂಡವು, ಕೆರೆ ಬತ್ತಿದಾಗ ದಂಡೆಯಲ್ಲಿ ಉಳಿಯುವಂಥವು. ಅಜ್ಜಿಗೆ ಫೋನು ಮಾಡಿ ಕೇಳಿದೆ.

"ಕಡಾ ಒಯ್ದ ಅರಿವಿ ಒಗೀಲಾರದ ಯಾರರ ಕೊಡ್ತಾರೇನಪಾ? ಎಲ್ಲಾರೂ ಒಗದ ಕೊಟ್ಟಾರ. ನಿಮ್ಮವ್ವ ಹಂಗ ಕೊಡ್ತಿದ್ಲೇನು?"

ಕೊಡುತ್ತಿರಲಿಲ್ಲ. ಒಯ್ದ ಮನೆಯವರು ಮರ್ಯಾದೆಯಿಂದ ಮಾಡಿದ ಒಂದೊಂದು ಒಗೆತವೂ ಇದರ ಆಯುಷ್ಯ ತಿಂದಿತ್ತು. ಒಗೆದಷ್ಟೇ ಅಲ್ಲ, ಹರಿದದ್ದನ್ನು ಹೊಲಿದೂ ಕೊಟ್ಟಿದ್ದರು. ಒಬ್ಬರು ರೇಷ್ಮೆ ಎಳೆಯಲ್ಲಿ, ಒಬ್ಬರು ಹತ್ತಿ ದಾರದಲ್ಲಿ, ಈಚಿನವರು ನೈಲಾನ್ ದಾರದಲ್ಲಿ. ರಫೂ ಮಾಡಿದ ಕೈಗಳಲ್ಲಿ ಒಂದು ಬಹಳ ಒಳ್ಳೆಯದು, ಒಂದಕ್ಕೆ ಕಣ್ಣು ಕಾಣುತ್ತಿರಲಿಲ್ಲವೇನೋ. ಹತ್ತಿಯನ್ನೂ ರೇಷ್ಮೆಯನ್ನೂ ಮುಟ್ಟಲಿಲ್ಲ, ಅವೂ ಈ ಬಟ್ಟೆಯ ಬದುಕಿನ ಭಾಗ. ನೈಲಾನ್ ಮಾತ್ರ ಗರಗಸದ ಹಾಗೆ ಸುತ್ತಲಿನ ರೇಷ್ಮೆಯನ್ನು ಕೊಯ್ಯುತ್ತಿತ್ತು. ಅದನ್ನು ತುಂಡು ತುಂಡಾಗಿ ಕತ್ತರಿಸಿ ತೆಗೆದೆ. ತೆಗೆದ ಮೇಲೆ ನೆತ್ತಿಯ ಭಾಗ, ತೊಟ್ಟಿಲಿದ್ದ ಜಾಗ, ಹಿಡಿತವಿಲ್ಲದೆ ಸಡಿಲಾಯಿತು. ಇದು ನಿರೀಕ್ಷಿಸಿದ್ದೇ. ಜೇಡರ ಬಲೆಯಷ್ಟು ತೆಳುವಾದ ರೇಷ್ಮೆ ಪರದೆಯನ್ನು ಕರಿ ಬಣ್ಣಕ್ಕೆ ಅದ್ದಿ, ಮೇಲೊಂದು ಕೆಳಗೊಂದು ಇಟ್ಟು, ನಡುವೆ ಹಳೆಯ ಬಟ್ಟೆಯನ್ನು ಹಿಡಿದು, ಬಾಗಿದ ಸೂಜಿಯಿಂದ ಒಂದೆಳೆ ರೇಷ್ಮೆಯಲ್ಲಿ ಹೊಲಿಯಬೇಕು. ಹೊಲಿಗೆ ಹಳೆಯ ಎಳೆಗಳ ನಡುವಿನ ಸಂದಿಯಲ್ಲೇ ಇಳಿಯಬೇಕು, ಎಳೆಯನ್ನು ಚುಚ್ಚಬಾರದು.

ಪರದೆ ಬರುವುದು ತಡವಾಯಿತು. ಬಂದ ಮೇಲೆ ಬಣ್ಣ ಕೂಡಲಿಲ್ಲ. ಒಮ್ಮೆ ನೀಲಿ ಛಾಯೆ, ಒಮ್ಮೆ ಕಂದು. ಕಾಯುವುದು ನನ್ನಿಂದ ಆಗದ ಕೆಲಸ. ಬಣ್ಣದ ನೀರು ಕುದಿಯಲು ಇಟ್ಟು ಗಾಡಿ ಹತ್ತಿ ಸುಮ್ಮನೆ ತಿರುಗಿ ಬರುತ್ತಿದ್ದೆ. ಕೊನೆಗೆ ಒಂದು ತುಂಡು ಸರಿಹೋಯಿತು. ಅದನ್ನು ಹಲಗೆಯ ಮೇಲೆ ಎಳೆದು ಒಣಗಿಸಲು ಇಟ್ಟ ಬೆಳಿಗ್ಗೆ ಬಾಗಿಲಲ್ಲಿ ಒಬ್ಬ ಮನುಷ್ಯ ನಿಂತಿದ್ದ.

ಮೂವತ್ತರ ಆಸುಪಾಸು. ಕಾರಟಗಿಯ ಅಕ್ಕಿ ಗಿರಣಿಯಲ್ಲಿ ಫಿಟ್ಟರ್. ಹುಬ್ಬಿನ ಮೇಲೆ, ಕೈಯ ಕೂದಲಿನ ಮೇಲೆ ತೌಡಿನ ಧೂಳು ಇನ್ನೂ ಇತ್ತು.

"ಮಂಗಳೂರ ಅಜ್ಜಿ ನಿಮ್ಮ ಹತ್ರ ಐತಿ ಅಂದ್ರು ಸರ್. ಕುಂಚಿಗಿ."

ಅವನ ತಾಯಿಯ ತವರು ಮಂಗಳೂರು, ಅಜ್ಜಿಯ ಮನೆಯ ಹಿಂದಿನ ಮುಸ್ಲಿಂ ಓಣಿ. "ನನಗೂ ಸಣ್ಣಂವಿದ್ದಾಗ ಅದನ್ನ ಹಾಕಿದ್ರಂತ್ರಿ. ನನಗೇನ ನೆನಪೈತಿ," ಎಂದ. ಅವನ ಹೆಂಡತಿ ದಿನ ತುಂಬುವ ಮುಂಚೆಯೇ ಹಡೆದಿದ್ದಳು. ಹೆಣ್ಣು ಕೂಸು. ಕೊಪ್ಪಳದ ದೊಡ್ಡ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದರು. ಅದಕ್ಕೆ ಮೊದಲಿನ ಎರಡು ಕೂಸು ಉಳಿದಿರಲಿಲ್ಲ.

ಹೇಳುತ್ತಾ ಅವನ ಕಣ್ಣು ಮೇಜಿನ ಕಡೆ ಹೋಯಿತು. ಅಸ್ತರು ಒಂದು ಕಡೆ, ಕರಿ ರೇಷ್ಮೆ ಒಂದು ಕಡೆ, ಲಾಡಿ ಇನ್ನೊಂದು ಕಡೆ.

"ಇದ ಏನ್ರಿ ಅದು? ಬಿಚ್ಚೀರಲ್ಲರಿ ಎಲ್ಲಾ."

ರೇಷ್ಮೆ ಪುಡಿಯಾಗುತ್ತಿರುವುದನ್ನು, ಪರದೆ ಹೊಲಿಯಲು ಎರಡು ವಾರವಾದರೂ ಬೇಕಾಗುವುದನ್ನು ವಿವರಿಸಿದೆ. ಅವನು ಪೂರ್ತಿ ಕೇಳಿದ. "ಹಂಗಾರ ನೀವು ಹೊಲೀರಿ ಸರ್, ನಾ ಇಲ್ಲೇ ಕುಂತಿರ್ತೀನಿ," ಎಂದು ಹೊಸ್ತಿಲ ಆಚೆ ಮೆಟ್ಟಿಲ ಮೇಲೆ ಕೂತುಬಿಟ್ಟ. ಎರಡು ವಾರ ಎಂದದ್ದು ಅವನಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಕೂತನೋ.

ಹಿಂದಿನ ಕೋಣೆಗೆ ಹೋಗಿ ಸಂಯೋಜಕಿಗೆ ಫೋನು ಮಾಡಿದೆ.

"ಕೊಡಬೇಡಿ ಸರ್. ಅರ್ಧ ಬಿಚ್ಚಿದ್ದನ್ನ ಹೇಗೆ ಕೊಡ್ತೀರಿ? ಅವರಿಗೆ ಹೊಸದೊಂದು ಚಂದದ್ದು ಕೊಡಿಸೋಣ, ನಾನೇ ಕೊಡಿಸ್ತೀನಿ."

ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ನಾನು ಓದಿದ ಎಲ್ಲ ಪಾಠವೂ ಅದನ್ನೇ ಹೇಳುತ್ತಿತ್ತು. ಹೊರಗೆ ಬಂದು ಅವನಿಗೆ ತಿಳಿಸಿದೆ.

"ಹೊಸಾವು ಮನ್ಯಾಗ ಅದಾವ್ರಿ," ಎಂದ ಅವನು. "ಎರಡ ಅದಾವು. ಇನ್ನೂ ಪ್ಲಾಸ್ಟಿಕ್ ಹಾಳ್ಯಾಗ ಅದಾವು."

ಬಟ್ಟೆಯ ತುಂಡಿನಿಂದ ಕೂಸು ಉಳಿಯುತ್ತದೆಂದು ನಾನು ಆಗಲೂ ನಂಬಿರಲಿಲ್ಲ, ಈಗಲೂ ನಂಬುವುದಿಲ್ಲ. ಆದರೆ ಬಟ್ಟೆ ನನ್ನದಲ್ಲ, ಪ್ರದರ್ಶನದ್ದೂ ಅಲ್ಲ. ಅಜ್ಜಿಗೆ ಆತು ಎಂದಿದ್ದೆ. ಮೇಜಿನ ಮೇಲಿನ ಬಟ್ಟೆಗೆ ಅಪಾಯವಿತ್ತು. ಕೊಡದಿದ್ದರೆ ಆ ಮೆಟ್ಟಿಲ ಮೇಲಿನ ಮನುಷ್ಯ ಏನು ಹೇಳಿಕೊಂಡು ಆಸ್ಪತ್ರೆಗೆ ಹಿಂತಿರುಗಬೇಕು ಎಂಬುದಕ್ಕೆ ನನ್ನ ಪಾಠಗಳಲ್ಲಿ ಉತ್ತರ ಇರಲಿಲ್ಲ. ಕೊಡುವುದೆಂದು ತೀರ್ಮಾನಿಸಿದೆ.

ಪೂರ್ತಿ ಕೆಲಸಕ್ಕೆ ಹೊತ್ತಿರಲಿಲ್ಲ. ಒಣಗಿದ ಪರದೆಯಲ್ಲಿ ನೆತ್ತಿಯ ಭಾಗವನ್ನಷ್ಟೇ ಮೇಲೆ ಕೆಳಗೆ ಹಿಡಿದು, ಉದ್ದುದ್ದ ಹೊಲಿಗೆ ಹಾಕಿದೆ. ಆಮೇಲೆ ಸುಲಭವಾಗಿ ಬಿಚ್ಚಿ ಸರಿಯಾಗಿ ಮಾಡೋಣ ಎಂಬ ಲೆಕ್ಕ. ಕರಿ ಪುಡಿ ಕೂಸಿನ ಮೈಗೆ ತಾಗದಂತೆ, ಕುದಿಸಿ ಒಣಗಿಸಿಟ್ಟಿದ್ದ ಮೆತ್ತನೆಯ ಹತ್ತಿ ಬಟ್ಟೆಯನ್ನು ಒಳಗೆ ಹೊಸ ಅಸ್ತರಾಗಿ ಕೊಟ್ಟೆ. ನಡುವೆ ಅವನು ಚಹಾ ತಂದ. ಮೇಜಿನ ಹತ್ತಿರ ಬೇಡವೆಂದಾಗ ಹೊರಗೆ ಕರೆದು ಕುಡಿಸಿದ. "ನೀವು ಗಡಿಯಾರ ರಿಪೇರಿ ಮಾಡೂರ ಗತೆ ಮಾಡ್ತೀರಲ್ಲರಿ," ಎಂದ. "ನಮ್ಮ ಗಿರಣ್ಯಾಗ ಹಿಂಗ ಮಾಡಿದ್ರ ಸಾವಕಾರ ಹೊರಗ ಹಾಕ್ತಾನ." ಅವನು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಸಂಜೆಗೆ ಮುಂಚೆ ಮುಗಿಯಿತು. ಕೊಡುವ ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆದೆ. ಮಡಚಬಾರದು, ಕಾಗದದ ಉಂಡೆಯ ಮೇಲೆ ಕೂರಿಸಿಡಬೇಕು, ಲಾಡಿ ಹಿಡಿದು ಎಳೆಯಬಾರದು, ಡಾಂಬರ ಗುಳಿಗೆ ಹಾಕಬಾರದು ಎಂದೆಲ್ಲ ಹೇಳಿದೆ. ಅವನು ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಎರಡೂ ಕೈಯಲ್ಲಿ ಹಿಡಿದು, ಆಟೋದಲ್ಲಿ ಹೋದ.

ಕೆಲವು ದಿನಗಳ ಮೇಲೆ ಅವನೇ ಫೋನು ಮಾಡಿದ. ಕೂಸನ್ನು ಗಾಜಿನಿಂದ ಹೊರಗೆ ತೆಗೆದು ತಾಯಿಯ ಎದೆಗೆ ಒರಗಿಸಿ ಮಲಗಿಸುತ್ತಿದ್ದರಂತೆ. ಆ ಹೊತ್ತಿನಲ್ಲಿ ಆಸ್ಪತ್ರೆಯ ಟೊಪ್ಪಿಗೆಯ ಮೇಲೆ ಕುಂಚಿಗೆ ಹಾಕಲು ಸಿಸ್ಟರ್ ಒಪ್ಪಿದ್ದರು. "ತೂಕ ಸ್ವಲ್ಪ ಏರೇತ್ರಿ," ಎಂದ. ನಾನು ಆ ದಿನ ಕಾರಣವಿಲ್ಲದೆ ಬಹಳ ಕೆಲಸ ಮಾಡಿದೆ. ಬೇರೆಯವರ ಒಂದು ಸೀರೆಯ ಸೆರಗು ಪೂರ್ತಿ ಮುಗಿಸಿದೆ.

ಆಮೇಲೆ ಫೋನು ಬರಲಿಲ್ಲ. ನಾನೂ ಮಾಡಲಿಲ್ಲ.

ಅವನು ಬಂದದ್ದು ಒಂದು ಮಧ್ಯಾಹ್ನ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಕೈಯಲ್ಲಿ ಹೊಸ ಬಟ್ಟೆಯ ಚೀಲ, ಅದರೊಳಗೆ ಡಬ್ಬಿ.

"ಕೂಸು ಹೋತ್ರಿ ಸರ್."

ಕೂಡಲು ಹೇಳಿದೆ. ಕೂಡಲಿಲ್ಲ. ಗಿರಣಿಯಲ್ಲಿ ಪಾಳಿ ಇದೆ ಎಂದ.

"ಡಾಕ್ಟರು, ಸಿಸ್ಟರು ಭಾಳ ಮಾಡಿದ್ರು. ಅದರ ಉಸರು ಅಷ್ಟ ಇತ್ತು." ಚೀಲವನ್ನು ಮೇಜಿನ ತುದಿಗೆ ಮೆಲ್ಲಗೆ ಇಟ್ಟ. "ಮಣ್ಣಿಗೆ ಒಯ್ಯೂವಾಗ ನಮ್ಮಲ್ಲಿ ಬಿಳೀ ಅರಿವಿ ಒಂದ ನೋಡ್ರಿ. ಅದಕ್ಕ ಇದು ಉಳೀತು. ನಮ್ಮಾಕಿ ತನ್ನ ಕೈಲೆ ಒಗದು ಕೊಟ್ಟಾಳ."

"ಛಲೋ ಆತು," ಎಂದೆ. ಬಾಯಿಗೆ ಬಂದದ್ದು ಅದೇ.

ಅವನು ಹೋಗಿ ಬಹಳ ಹೊತ್ತಿನ ಮೇಲೆ ಡಬ್ಬಿ ತೆಗೆದೆ. ಬಟ್ಟೆ ಸೋಪಿನ ವಾಸನೆ ಬಂತು. ಕುಂಚಿಗೆಯನ್ನು ನಾನು ಹೇಳಿದ ಹಾಗೇ ಕಾಗದದ ಉಂಡೆಯ ಮೇಲೆ ಕೂರಿಸಿದ್ದರು, ಲಾಡಿಗಳನ್ನು ಬೆರಳಿನಿಂದ ನೀವಿ ಚಪ್ಪಟೆ ಮಾಡಿದ್ದರು. ಹೊಸ ಅಸ್ತರಿಗೆ ಗಿಳಿಯ ಕೆಂಪು ಇಳಿದು ಇಡೀ ಬಟ್ಟೆ ಗುಲಾಬಿಯಾಗಿತ್ತು. ಕರಿ ರೇಷ್ಮೆ ಎಲ್ಲೆಲ್ಲಿ ಪರದೆಯ ಹಿಡಿತವಿರಲಿಲ್ಲವೋ ಅಲ್ಲೆಲ್ಲ ನೀರಿನಲ್ಲಿ ಹೋಗಿತ್ತು. ನೆಲವಿಲ್ಲದ ಗೋಪುರ ಒಂದು ಬದಿಗೆ ಕುಸಿದಿತ್ತು. ಪರದೆಯ ಹಿಡಿತ ಇದ್ದ ನೆತ್ತಿಯಲ್ಲಿ ಇನ್ನೂ ಕೆಟ್ಟದಾಗಿತ್ತು. ಹೊಸ ರೇಷ್ಮೆ ನೀರಿಗೆ ಕುಗ್ಗಿತ್ತು, ಹಳೆಯದು ಕುಗ್ಗಲಾರದೆ ಹರಿದಿತ್ತು. ನಾನು ಅವಸರದಲ್ಲಿ ಹಾಕಿದ ಉದ್ದ ಹೊಲಿಗೆಗಳು ಎಳೆದು ಎಳೆದು ಸೀಳಿದ್ದವು. ತೊಟ್ಟಿಲು ಬಣ್ಣದ ದಾರದ ಸಿಕ್ಕಾಗಿ ಒಂದೆಡೆ ಸೇರಿತ್ತು.

ಬಾಗಿಲು ಹಾಕಿ ಬಸ್ ನಿಲ್ದಾಣದವರೆಗೆ ನಡೆದು ಬಂದೆ. ಮತ್ತೆ ಹೋದೆ, ಮತ್ತೆ ಬಂದೆ.

ನೀರು ಹಚ್ಚಬೇಡಿ ಎಂದು ನಾನು ಹೇಳಿದ್ದೆನೋ ಇಲ್ಲವೋ ಎಂಬುದೇ ತಲೆಯಲ್ಲಿ ಸುತ್ತುತ್ತಿತ್ತು. ಮಡಚಬಾರದು ಎಂದದ್ದು ನೆನಪಿದೆ. ಡಾಂಬರ ಗುಳಿಗೆಯ ಮಾತು ನೆನಪಿದೆ, ಅವನು ತಲೆಯಾಡಿಸಿದ್ದೂ ಕಣ್ಣ ಮುಂದೆ ಇದೆ. ನೀರಿನ ಮಾತು ಆಡುತ್ತಿರುವ ನನ್ನ ದನಿಯೂ ಕೇಳಿಸುತ್ತದೆ. ಆದರೆ ಹಾಗೆ ಕೇಳಿಸುವುದು ನಾನು ಹೇಳಿದ್ದರಿಂದಲೋ, ಹೇಳಿದ್ದರೆ ಚೆನ್ನಾಗಿತ್ತು ಎಂಬ ಆಸೆಯಿಂದಲೋ? ಡಬ್ಬಿ ಹಿತ್ತಾಳೆಯದಾಗಿಯೂ ಕಂಡಿತ್ತಲ್ಲ. ಆ ದಿನದ ಫೋಟೋಗಳನ್ನೆಲ್ಲ ನೋಡಿದೆ. ಪ್ರತಿ ಹೊಲಿಗೆಯೂ ಅದರಲ್ಲಿದೆ. ಆಡಿದ ಮಾತಿಗೆ ಫೋಟೋ ಇರುವುದಿಲ್ಲ.

ಮಂಗಳೂರಿಗೆ ಹೋದೆ. ಅಜ್ಜಿ ಹೊರಗೆ ಕಟ್ಟೆಯ ಮೇಲೆ ಸೊಸೆಯ ಜೊತೆ ಅಲಸಂದಿ ಹಸನು ಮಾಡುತ್ತಿದ್ದರು. ನಡೆದದ್ದು ಹೇಳಿದೆ. ಅವರು ಡಬ್ಬಿಯ ಕಡೆ ನೋಡಲಿಲ್ಲ.

"ಆ ಹುಡುಗಿ ಹೆಂಗದಾಳ?"

"ಗೊತ್ತಿಲ್ಲ ಅಜ್ಜಿ. ಕೇಳಲಿಲ್ಲ."

"ಕೇಳಬೇಕಾಗಿತ್ತಪಾ."

ಸೊಸೆ ಮೊರ ತೆಗೆದುಕೊಂಡು ಒಳಗೆ ಹೋದಳು. ನಾನು ಮುಚ್ಚಳ ತೆಗೆದು ತೋರಿಸಿದೆ. ಅಜ್ಜಿ ಹರಿದದ್ದನ್ನು ಒಮ್ಮೆ ನೋಡಿದರು, ಮುಟ್ಟಲಿಲ್ಲ.

"ಕೂಸು ಹಾಕ್ಕೊಂಡಿತ್ತು?"

"ಹಾಕ್ಕೊಂಡಿತ್ತು. ಅವ್ವನ ಎದಿ ಮ್ಯಾಲ ಇದ್ದಾಗ."

ಅಜ್ಜಿ ಮುಚ್ಚಳ ತಾವೇ ಮುಚ್ಚಿ ಡಬ್ಬಿಯನ್ನು ನನ್ನ ಕಡೆ ಸರಿಸಿದರು. "ಇನ್ನ ಇದು ಬರೇ ಅರಿವಿ. ನೀ ಒಯ್ಯಿ. ನಿಮಗ ಬೇಕಾಗಿತ್ತಲ್ಲ."

ಮೊದಲ ದಿನದಿಂದ ನಾನು ಹೇಳುತ್ತಿದ್ದುದು ಅದನ್ನೇ. ರೇಷ್ಮೆ, ಅಳಲೆಕಾಯಿ, ಕಬ್ಬಿಣ, ಅಷ್ಟೇ. ಅವರ ಬಾಯಿಂದ ಬಂದಾಗ ಒಪ್ಪಿಕೊಳ್ಳಲು ನನ್ನಿಂದ ಆಗಲಿಲ್ಲ.

"ಒಂದು ಕೂಸು ಹೋತಂತ, ಇಷ್ಟು ಕೂಸು ಉಳಿದದ್ದು ಸುಳ್ಳಾಕ್ಕೈತೇನು ಅಜ್ಜಿ? ನಾ ಹೊಸಾ ಅರಿವಿ ಮ್ಯಾಲ ಕುಂಡ್ರಿಸಿ ಕೊಡ್ತೀನಿ. ಕಸೂತಿ ಎಳಿ ಇನ್ನೂ ಗಟ್ಟಿ ಅದಾವು."

"ಸುಳ್ಳಾಗೂದಿಲ್ಲ. ಆದ್ರ ಹೆದರಿಕೊಂಡು ಬಂದ ಬಸುರಿ ಕೈಯಾಗ ಇದನ್ನ ಏನಂತ ಇಡ್ಲಿ?" ಕಟ್ಟೆಯಿಂದ ಏಳುತ್ತಾ, "ಉಂಡು ಹೋಗು," ಎಂದರು.

ನಡೆದದ್ದನ್ನೂ ಅಜ್ಜಿ ಬಿಟ್ಟುಕೊಟ್ಟದ್ದನ್ನೂ ಸಂಯೋಜಕಿಗೆ ತಿಳಿಸಿದೆ. ಮರುದಿನ ಬಂದು ಕುಂಚಿಗೆಯನ್ನು ನೋಡಿ ಕಣ್ಣು ಒರೆಸಿಕೊಂಡರು. ಕೆಟ್ಟ ಮನಸ್ಸಿನವರಲ್ಲ.

"ಹೀಗೇ ಇಡೋಣ ಸರ್. ಏನೂ ಸರಿ ಮಾಡಬೇಡಿ. ಪಕ್ಕದಲ್ಲಿ ನಡೆದದ್ದನ್ನ ನಾಲ್ಕು ಸಾಲು ಬರೆದು ಹಾಕೋಣ. ಇಷ್ಟೆಲ್ಲ ಸೀರೆ ನೋಡಿ ಮರೀತಾರೆ ಜನ, ಇದನ್ನ ಮರೆಯೋದಿಲ್ಲ."

ಅದರಲ್ಲೂ ನ್ಯಾಯವಿತ್ತು. ಹಾಳಾದ ವಸ್ತುವೂ ಒಂದು ನಿಜ ಹೇಳುತ್ತದೆ ಎಂದೇ ನಮಗೆ ಕಲಿಸುತ್ತಾರೆ. ಆ ಮನೆಯವರನ್ನು ಕೇಳದೆ ಇಡಬಾರದು ಎಂದೆ. "ಕೇಳಿ, ಹೆಸರು ಹಾಕೋದಿಲ್ಲ ಅಂತ ಹೇಳಿ," ಎಂದರು. ಮನೆಯವರು ಒಪ್ಪಿದರೆ ಇಡುವುದೆಂದು ನಾನೂ ಮನಸ್ಸು ಮಾಡಿದ್ದೆ. ಅದನ್ನು ಇಲ್ಲಿ ಮುಚ್ಚಿಡಬೇಕಾಗಿಲ್ಲ.

ಅವನಿಗೆ ಫೋನು ಮಾಡಿದೆ. ಗಿರಣಿಯ ಸದ್ದು.

"ತಡ್ರಿ ಸರ್, ಹೊರಗ ಬರ್ತೀನಿ." ಸದ್ದು ಸಣ್ಣದಾಯಿತು. "ಹೇಳ್ರಿ."

"ನಿಮ್ಮ ಮನಿಯವರು ಹೆಂಗದಾರ?"

"ಸಿದ್ದಾಪುರಕ್ಕ ಹೋಗ್ಯಾಳ್ರಿ, ತವರಮನಿಗೆ. ಈಗೀಗ ಉಣ್ಣಾಕತ್ಯಾಳ." ನಾನು ಮುಂದಿನ ಮಾತು ತೆಗೆಯುವ ಮೊದಲು ಅವನೇ ಹೇಳಿದ, "ಸರ್, ನಾನೂ ನಿಮಗೊಂದು ಮಾತು ಹೇಳಬೇಕಂತಿದ್ನಿ. ಮಕಾ ನೋಡಿ ಹೇಳಾಕ ಆಗ್ಲಿಲ್ಲ. ನೀರು ಹಚ್ಚಬ್ಯಾಡ್ರಿ ಅಂತ ನೀವು ಒತ್ತಿ ಹೇಳಿದ್ರಿ. ನಾ ಆಕಿಗೂ ಹೇಳಿದ್ನಿ."

ಹಾಗಾದರೆ ನಾನು ಹೇಳಿದ್ದೆ. ಅಷ್ಟು ದಿನ ತಲೆ ತಿಂದದ್ದಕ್ಕೆ ಉತ್ತರ ಸಿಕ್ಕಿತ್ತು. ಹಗುರವೇನೂ ಆಗಲಿಲ್ಲ.

"ಆಕಿ ಕೇಳಲಿಲ್ರಿ. ಹಂಗ ಕೊಟ್ರ ನಮ್ಮ ಕೂಸಿಂದು ಅದರಾಗ ಉಳೀತೈತಿ, ಮುಂದಿನ ಕೂಸಿಗೆ ಹತ್ತಬಾರ್ದು ಅಂದ್ಲು. ತಣ್ಣೀರಾಗ ಒಗದಾಳ್ರಿ, ಹಿಂಡಿಲ್ಲ. ನೆರಳಾಗ ಒಣಗಿಸ್ಯಾಳ. ಕೆಂಪು ಸ್ವಲ್ಪ ಬಿಡ್ತು ಅಂದ್ಲು, ಕರೀದೂ ಒಂದಿಷ್ಟು ನೀರಾಗ ಹೋತಂತ. ಭಾಳ ಏನರ ಆತೇನ್ರಿ?"

ಕುಂಚಿಗೆ ನನ್ನ ಮುಂದೆ ಮೇಜಿನ ಮೇಲಿತ್ತು.

"ಏನೂ ಆಗಿಲ್ಲ," ಎಂದೆ. "ಸ್ವಲ್ಪ ಬಣ್ಣ ಬಿಟ್ಟೈತಿ. ಹಳೀ ಅರಿವಿ, ಬಿಡತೈತಿ. ನಾ ಸರಿ ಮಾಡೀನಿ."

ಅವನು ಉಸಿರು ಬಿಟ್ಟದ್ದು ಕೇಳಿಸಿತು. "ಈಗ ಯಾರ ಕೂಸಿಗೆ ಹೋಗೇತ್ರಿ ಅದು?"

"ಇನ್ನೂ ಯಾರೂ ಕೇಳಿಲ್ಲ."

"ಕೇಳ್ತಾರ್ರಿ. ಆಕಿ ಫೋನ್ ಮಾಡಿದಾಗೊಮ್ಮೆ ಕೇಳ್ತಾಳ, ಯಾರರ ಒಯ್ದಾರೇನಂತ. ಯಾರರ ಒಯ್ದ್ರ ನನಗೊಂದು ಫೋನ್ ಮಾಡ್ರಿ ಸರ್, ಆಕಿಗೆ ಹೇಳ್ತೀನಿ."

ಮಾಡ್ತೀನಿ ಎಂದೆ. ಗಿರಣಿಯ ಒಳಗಿನಿಂದ ಯಾರೋ ಅವನನ್ನು ಕೂಗಿದರು, ಅವನು ಫೋನು ಇಟ್ಟ. ಕೇಳಬೇಕೆಂದಿದ್ದ ಮಾತನ್ನು ನಾನು ಕೇಳಲೇ ಇಲ್ಲ.

ಕುಂಚಿಗೆ ಪ್ರದರ್ಶನಕ್ಕೆ ಬರುವುದಿಲ್ಲ ಎಂದು ಸಂಯೋಜಕಿಗೆ ತಿಳಿಸಿದೆ. ಅವರು ಬಹಳ ಬೇಸರ ಮಾಡಿಕೊಂಡರು, ಮನೆಯವರು ಒಪ್ಪಲಿಲ್ಲವೇ ಎಂದು ಕೇಳಿದರು. ಬಟ್ಟೆ ಸಾಗಿಸುವ ಸ್ಥಿತಿಯಲ್ಲಿಲ್ಲ ಎಂದೆ. ಗಂಗಾವತಿಯಿಂದ ಸಿದ್ದಾಪುರ ಹತ್ತಿರ, ಕಾರಟಗಿ ಹತ್ತಿರ. ಹೆಸರು ಹಾಕದಿದ್ದರೂ, ತಾನು ಒಗೆದದ್ದು ಏನಾಗಿದೆ ಎಂದು ಆ ತಾಯಿ ಗಾಜಿನ ಹಿಂದೆ ನೋಡುವುದು ಬೇಡವಾಗಿತ್ತು.

ಪ್ರದರ್ಶನ ಚೆನ್ನಾಗಿಯೇ ನಡೆಯಿತು. ಮುಗಿದ ಮೇಲೆ ಸೀರೆ, ಕುಪ್ಪಸಗಳೆಲ್ಲ ಅವರವರ ಮನೆಗೆ ಹಿಂತಿರುಗಿದವು. ನಾನು ಬಿಡುವಾದಾಗ ಕುಂಚಿಗೆಯನ್ನು ಹೊಸ ನೆಲದ ಮೇಲೆ ಕೂರಿಸುತ್ತಿದ್ದೇನೆ. ಗಿಳಿಗಳು ನಿಂತಿವೆ, ತೊಟ್ಟಿಲಿನ ಸಿಕ್ಕು ಅರ್ಧ ಬಿಡಿಸಿದ್ದೇನೆ. ಯಾರೂ ಕೇಳಿಕೊಂಡು ಬಂದಿಲ್ಲ. ಅವನಿಗೆ ಮಾಡಬೇಕಾದ ಫೋನು ಇನ್ನೂ ಮಾಡಿಲ್ಲ.